ಸಮುದ್ರವು ತಿಂದ ಊರೂ ಉಳಿದ ಹೆಸರೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ಒಂದೊಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕಿಯವರ ಅಪ್ಪಣೆಯಾದಾಗ, ಅಕ್ಕತಂಗಿಯರಾದ ನಾವಿಬ್ಬರೂ ಬಹಳ ಹೊತ್ತು ಆಲೋಚಿಸಿದೆವು. ಶಾಲೆಯ ಬಾವಿಕಟ್ಟೆ, ಬೋರ್ಡಿಂಗಿನ ಗಂಟೆ, ಶನಿವಾರದ ಹೊಲಿಗೆಯ ತರಗತಿ ಇವುಗಳನ್ನು ಕುರಿತು ನಮಗಿಂತ ಚೆನ್ನಾಗಿ ಬರೆಯಬಲ್ಲವರು ಅನೇಕರಿರುವರು. ನಾವು ಬರೆಯತಕ್ಕದ್ದು ಒಂದು ಋಣದ ವಿಷಯ. ಒಬ್ಬ ಗುರುಮಾತೆಯವರು ನಮಗೆ ಬರೆದ ಕಾಗದಕ್ಕೆ ಐವತ್ತು ವರ್ಷಗಳಿಗೂ ಮಿಕ್ಕು ಉತ್ತರ ಕೊಡದೆ ಉಳಿಸಿಕೊಂಡ ಋಣವದು. ಆ ಉತ್ತರವು ನಮಗೆ ಹೊಳೆಯುವುದಕ್ಕೆ ನಾವು ಆಂಗ್ಲ ದೇಶದ ಪೂರ್ವ ತೀರದ ಐದು ಊರುಗಳನ್ನು ಸುತ್ತಿ ಬರಬೇಕಾಯಿತು. ಆ ಊರುಗಳ ಚರಿತ್ರೆಯನ್ನೂ ಅವುಗಳ ಹೆಸರುಗಳು ಹುಟ್ಟಿದ ಬಗೆಯನ್ನೂ ಹೇಳುತ್ತ, ನಡುನಡುವೆ ನಮ್ಮ ಕಥೆಯನ್ನೂ ಹೇಳುವೆವು. ವಾಚಕಿಯರು ಸಹಿಸಿಕೊಳ್ಳಬೇಕು.

೧೯೬೨ನೆಯ ಇಸವಿಯ ಮಳೆಗಾಲ. ಪಡುಬಿದ್ರಿಯಿಂದ ಬಂದ ನಾವಿಬ್ಬರೂ ಶಾಲೆಯ ಬೋರ್ಡಿಂಗಿನಲ್ಲಿದ್ದೆವು. ಆ ದಿನ ಉಪಾಧ್ಯಾಯಿನಿಯೊಬ್ಬರು ಜ್ವರದಿಂದ ಬಾರದಿದ್ದುದರಿಂದ ನಮ್ಮಿಬ್ಬರ ತರಗತಿಗಳನ್ನೂ ದೊಡ್ಡ ಕೊಠಡಿಯಲ್ಲಿ ಒಟ್ಟಿಗೆ ಕುಳ್ಳಿರಿಸಿದ್ದರು. ಭೂಗೋಳವನ್ನು ಕಲಿಸುತ್ತಿದ್ದ ಮಿಸ್ಸಮ್ಮನವರು, ಅಲೆಗಳು ದಂಡೆಯನ್ನು ಸವೆಯಿಸುವ ಬಗೆಯನ್ನು ವಿವರಿಸುತ್ತಿದ್ದರು. ಅವರು ಆಂಗ್ಲ ದೇಶದವರು. ಅವರ ಕನ್ನಡದಲ್ಲಿ ತಪ್ಪಿರಲಿಲ್ಲ. ಆದರೆ ವ್ಯಾಕರಣ ಪುಸ್ತಕದಿಂದ ಆಗತಾನೇ ಎದ್ದುಬಂದಂತೆ ಅದು ಸ್ವಲ್ಪ ಬಿಗಿಯಾಗಿರುತ್ತಿತ್ತು. ಪಾಠದ ಮಧ್ಯದಲ್ಲಿ ಅವರು ತಟಕ್ಕನೆ ನಿಂತು, "ನನ್ನ ಊರನ್ನು ಸಮುದ್ರವು ತಿಂದುಬಿಟ್ಟಿತು" ಎಂದರು.

ನಾವೆಲ್ಲರೂ ನಕ್ಕೆವು. ಅವರ ಕನ್ನಡವು ಎಲ್ಲಿಯೋ ಎಡವಿತೆಂದು ನಮ್ಮ ಎಣಿಕೆ. ಊರನ್ನು ತಿನ್ನುವ ಸಮುದ್ರವೆಂದರೆ ಅಜ್ಜಿಯ ಕಥೆಯ ರಾಕ್ಷಸನಂತೆ ನಮಗೆ ತೋರಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ನಮ್ಮಲ್ಲಿ ಕಿರಿಯವಳು. ಅವಳನ್ನು ತಡೆಯದೆ ತಾನೂ ನಕ್ಕವಳು ಹಿರಿಯವಳು. ಮಿಸ್ಸಮ್ಮನವರು ಕೋಪಿಸಿಕೊಳ್ಳಲಿಲ್ಲ. ಕರಿಹಲಗೆಯ ಮೇಲೆ ತಮ್ಮ ಊರಿನ ಹೆಸರನ್ನು 'ಡನ್ನಿಚ್' ಎಂದು ಕನ್ನಡದಲ್ಲಿ ಬರೆದು, "ಆಳವಾದ ರೇವು ಎಂದು ಇದರ ಅರ್ಥವಂತೆ, ಈಗ ಅಲ್ಲಿ ಆಳವೂ ಇಲ್ಲ, ರೇವೂ ಇಲ್ಲ" ಎಂದರು. ಬಳಿಕ ಒಬ್ಬೊಬ್ಬರನ್ನಾಗಿ ಎಬ್ಬಿಸಿ, "ನಿನ್ನ ಊರು ಯಾವುದು? ಅದರ ಹೆಸರಿಗೆ ಅರ್ಥವೇನು?" ಎಂದು ಕೇಳಿದರು. ಊರನ್ನು ಎಲ್ಲರೂ ಹೇಳಿದೆವು. ಅರ್ಥವನ್ನು ಒಬ್ಬಳೂ ಹೇಳಲಿಲ್ಲ. "ತಿಳಿದುಕೊಂಡು ಬನ್ನಿರಿ" ಎಂದು ಅಪ್ಪಣೆಮಾಡಿ ಅವರು ಪಾಠವನ್ನು ಮುಂದುವರಿಸಿದರು. ಮರುದಿನ ಮಳೆಗೆ ರಜೆಯಾಯಿತು. ಪ್ರಶ್ನೆಯು ಅಲ್ಲಿಗೇ ನಿಂತಿತು.

೧೯೬೮ರಲ್ಲಿ ಅವರು ನಿವೃತ್ತರಾಗಿ ಸ್ವದೇಶಕ್ಕೆ ಹೋದರು. ಮರುವರ್ಷ ಅವರಿಂದ ನಮ್ಮಿಬ್ಬರಿಗೂ ಸೇರಿ ಒಂದು ಕಾಗದ ಬಂದಿತು. ದುಂಡಾದ ಕನ್ನಡ ಅಕ್ಷರಗಳು. ಕ್ಷೇಮಸಮಾಚಾರವಾದ ಮೇಲೆ ಕೊನೆಯಲ್ಲಿ ಒಂದು ಸಾಲು ಇತ್ತು: "ನಿಮ್ಮ ಊರಿನ ಹೆಸರಿನ ಅರ್ಥ ನಿಮಗೆ ಸಿಕ್ಕಿತೇ?" ಆಗ ಹಿರಿಯವಳ ಮದುವೆಯ ಸಂಭ್ರಮ, ಕಿರಿಯವಳಿಗೆ ಕಾಲೇಜಿನ ಪರೀಕ್ಷೆ. ನಾಳೆ ಬರೆದರಾಯಿತೆಂದು ಇಟ್ಟ ಕಾಗದವು ಪೆಟ್ಟಿಗೆಯ ತಳಕ್ಕೆ ಸೇರಿತು. ಒಂದು ವರ್ಷ ಕಳೆದ ಮೇಲೆ ಬರೆಯುವುದಕ್ಕೆ ನಾಚಿಕೆಯಾಯಿತು. ಹತ್ತು ವರ್ಷ ಕಳೆದ ಮೇಲೆ ನಾಚಿಕೆಯೂ ಮರೆಯಿತು. ಅವರು ತೀರಿಹೋದರೆಂಬ ವರ್ತಮಾನವು ಬಹಳ ತಡವಾಗಿ, ಇನ್ನೊಬ್ಬ ಹಳೆಯ ವಿದ್ಯಾರ್ಥಿನಿಯ ಬಾಯಿಂದ ನಮಗೆ ತಿಳಿಯಿತು.

ಹೀಗಿರಲಾಗಿ, ಕಳೆದ ವರ್ಷದ ಬೇಸಗೆಯಲ್ಲಿ ನಾವು ಕಿರಿಯವಳ ಮಗನ ಮನೆಗೆಂದು ಆಂಗ್ಲ ದೇಶಕ್ಕೆ ಹೋದೆವು. ಅವನಿರುವುದು ಸಫೋಕ್ ಪ್ರಾಂತದ ಇಪ್ಸ್‌ವಿಚ್ ಎಂಬ ಪಟ್ಟಣದಲ್ಲಿ. ಗೋಡೆಯ ಮೇಲೆ ತೂಗುಹಾಕಿದ್ದ ಭೂಪಟವನ್ನು ನೋಡುತ್ತಿರುವಾಗ, ತೀರದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಆ ಹೆಸರು ಕಣ್ಣಿಗೆ ಬಿದ್ದಿತು. ಬರವಣಿಗೆಯಲ್ಲಿ ಅದನ್ನು ಡನ್‌ವಿಚ್ ಎಂದು ಓದಬೇಕು. ಅಲ್ಲಿಯ ಜನರು ವಕಾರವನ್ನು ನುಂಗಿ ಡನ್ನಿಚ್ ಎನ್ನುತ್ತಾರೆ. ಮಿಸ್ಸಮ್ಮನವರು ಕರಿಹಲಗೆಯ ಮೇಲೆ ಬರೆದುದು ಊರಿನವರ ಬಾಯಿಯ ಹೆಸರೆಂದು ಆಗ ನಮಗೆ ಗೊತ್ತಾಯಿತು. ಅಲ್ಲಿಗೆ ಹೋಗಲೇಬೇಕೆಂದು ನಾವು ಹಟಮಾಡಿದೆವು. ಆ ಹುಡುಗನು ಎರಡು ದಿನ ಬಿಡುವು ಮಾಡಿಕೊಂಡು, ತೀರದ ಊರುಗಳನ್ನೆಲ್ಲ ತೋರಿಸುತ್ತೇನೆಂದು ತನ್ನ ಮೋಟಾರಿನಲ್ಲಿ ನಮ್ಮನ್ನು ಕರೆದುಕೊಂಡು ಹೊರಟನು.

ಹೆಸರುಗಳ ವಿಷಯಕ್ಕೆ ಬರುವ ಮುನ್ನ ಆ ನಾಡಿನ ಪೂರ್ವೋತ್ತರವನ್ನು ಸ್ವಲ್ಪ ಹೇಳುವುದು ಯುಕ್ತ. ಐದನೆಯ ಶತಮಾನದ ಆದಿಯಲ್ಲಿ ರೋಮನರ ಆಳಿಕೆಯು ಮುಗಿದ ಬಳಿಕ, ಉತ್ತರ ಸಮುದ್ರದ ಆಚೆಯ ದಡದಿಂದ ಆಂಗ್ಲರೆಂಬವರು ದೋಣಿಗಳಲ್ಲಿ ಬಂದು ಈ ಮೂಡಲ ಸೀಮೆಯಲ್ಲಿ ನೆಲಸಿದರು. ಅವರಲ್ಲಿ ತೆಂಕಣ ಜನರ ನಾಡು ಸಫೋಕ್ ಎಂದಾಯಿತು. ಬಡಗಣ ಜನರ ನಾಡು ನಾರ್ಫೋಕ್ ಎಂದಾಯಿತು. ಊರುಗಳಿಗೂ ಅವರು ಕಂಡುದನ್ನೇ ಹೆಸರಾಗಿ ಇಟ್ಟರು. ಕಾಡಿದ್ದಲ್ಲಿ 'ವಾಲ್ಡ್', ಕೋಟೆಯಿದ್ದಲ್ಲಿ 'ಬುರ್ಹ್', ದೋಣಿ ಹತ್ತಿಸುವ ದಕ್ಕೆಯಿದ್ದಲ್ಲಿ 'ಹೈದ್', ಭೂಮಿಯು ಮೂಗಿನಂತೆ ಸಮುದ್ರಕ್ಕೆ ಚಾಚಿದ್ದಲ್ಲಿ 'ನೆಸ್'. 'ವಿಕ್' ಎಂಬುದು ರೋಮನರ ಲ್ಯಾಟಿನ್ ಭಾಷೆಯಿಂದ ಅವರು ಎರವಾಗಿ ತೆಗೆದುಕೊಂಡ ಶಬ್ದ. ಅದಕ್ಕೆ ಒಮ್ಮೆ ಬಿಡಾರವೆಂದೂ, ಒಮ್ಮೆ ಹೈನಿನ ದನಗಳನ್ನು ಕಟ್ಟುವ ಹಟ್ಟಿಯೆಂದೂ, ಸಮುದ್ರದ ಬದಿಯಲ್ಲಾದರೆ ವ್ಯಾಪಾರದ ರೇವೆಂದೂ ಅರ್ಥವಾಗುತ್ತದೆ. ಇಪ್ಸ್‌ವಿಚ್ಚಿನ ಕೊನೆಯಲ್ಲಿರುವುದೂ, ಡನ್‌ವಿಚ್ಚಿನ ಕೊನೆಯಲ್ಲಿರುವುದೂ ಇದೇ ಶಬ್ದ. ಈ ಐದಾರು ಶಬ್ದಗಳನ್ನು ಕೈಯಲ್ಲಿ ಹಿಡಿದುಕೊಂಡರೆ ಆ ತೀರದಲ್ಲೆಲ್ಲ ನಡೆದಾಡಬಹುದು.

ನಾವು ಮೊದಲು ಹೋದದ್ದು ಆಲ್ಡ್‌ಬರೊ ಎಂಬ ಊರಿಗೆ. 'ಹಳೆಯ ಕೋಟೆ' ಎಂಬುದು ಆ ಹೆಸರಿನ ಅರ್ಥ. ಕೋಟೆಯು ಎಲ್ಲಿಯೂ ಕಾಣಿಸದು. ಆದರೆ ಊರಿನ ಹೆಸರಿನ ಬಲವೆಷ್ಟೆಂದರೆ, ಹಿಂಬದಿಯಲ್ಲಿ ಹರಿಯುವ ನದಿಯೂ ಅದರಿಂದಲೇ ಆಲ್ಡ್ ಎಂಬ ಹೆಸರನ್ನು ಪಡೆಯಿತು. ನದಿಯಿಂದ ಊರಿಗೆ ಹೆಸರು ಬರುವುದು ಲೋಕರೂಢಿ. ಊರು ನದಿಗೆ ಹೆಸರು ಕೊಟ್ಟುದನ್ನು ನಾವು ಅಲ್ಲಿಯೇ ಕೇಳಿದೆವು. ಸಮುದ್ರದ ಕಲ್ಲುಹರಳಿನ ದಂಡೆಯ ಮೇಲೆಯೇ ಒಂದು ಹಳೆಯ ಕಟ್ಟಡವಿದೆ. ಅದು ೧೬ನೆಯ ಶತಮಾನದಲ್ಲಿ ಕಟ್ಟಿದ ಊರಸಭೆಯ ಮನೆ. ಕಟ್ಟಿದವರು ಅದನ್ನು ದಂಡೆಯ ಮೇಲೆ ಕಟ್ಟಲಿಲ್ಲ; ಊರಿನ ನಟ್ಟನಡುವೆ ಕಟ್ಟಿದರು. ಅದರ ಮುಂದಿನ ಬೀದಿಗಳನ್ನು ಸಮುದ್ರವು ಒಂದೊಂದಾಗಿ ತೆಗೆದುಕೊಂಡು ಹೋದುದರಿಂದ ನಡುವೆ ಇದ್ದುದು ಅಂಚಿಗೆ ಬಂದಿತು. 'ತಿಂದುಬಿಟ್ಟಿತು' ಎಂಬ ಮಾತಿನ ಸತ್ಯವು ನಮಗೆ ಮೊದಲು ಕಂಡದ್ದು ಆ ಮನೆಯ ಮುಂದೆ.

ನಮ್ಮ ಶಾಲೆಯ ಹುಡುಗಿಯರು ಆಲ್ಡ್‌ಬರೊವಿನ ಹೆಸರನ್ನು ಇನ್ನೊಂದು ಕಾರಣಕ್ಕಾಗಿ ನೆನಪಿನಲ್ಲಿಡಬೇಕು. ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಎಂಬ ಮಹಿಳೆಯು ಬೆಳೆದ ಊರು ಅದು. ವೈದ್ಯವಿದ್ಯಾಲಯಗಳು ಹೆಂಗಸೆಂಬ ಕಾರಣದಿಂದ ಬಾಗಿಲನ್ನು ಮುಚ್ಚಿದಾಗ ಆಕೆಯು ಖಾಸಗಿಯಾಗಿ ಓದಿ, ೧೮೬೫ರಲ್ಲಿ ಲಂಡನ್ನಿನಲ್ಲಿ ವೈದ್ಯವೃತ್ತಿಯ ಪರವಾನಗಿಯನ್ನು ಪಡೆದಳು. ೧೯೦೮ರಲ್ಲಿ ಆಲ್ಡ್‌ಬರೊವಿನ ನಗರಾಧ್ಯಕ್ಷೆಯಾದಳು. ಆಂಗ್ಲ ದೇಶದಲ್ಲಿ ಆ ಪದವಿಯನ್ನೇರಿದ ಪ್ರಥಮ ಮಹಿಳೆ ಆಕೆಯೇ. ಅಂಚಿಗೆ ಬಂದ ಆ ಸಭೆಯ ಮನೆಯನ್ನು ನೋಡುತ್ತ ನಾವು ಈ ಸಂಗತಿಯನ್ನು ಬಹಳ ಹೊತ್ತು ಮಾತಾಡಿಕೊಂಡೆವು.

ಅಲ್ಲಿಂದ ಥಾರ್ಪ್‌ನೆಸ್ ಎಂಬ ಹಳ್ಳಿಯನ್ನು ದಾಟಿದೆವು. 'ಥಾರ್ಪ್' ಎಂದರೆ ದೊಡ್ಡ ಊರಿನಿಂದ ಒಡೆದು ಹೋದ ಚಿಕ್ಕ ಹಳ್ಳಿ, ಭೂಶಿರದ ಮೇಲಿನ ಹಳ್ಳಿಯೆಂದು ಒಟ್ಟಿನ ಅರ್ಥ. ಸಾಯಂಕಾಲಕ್ಕೆ ಸೌತ್‌ವೋಲ್ಡ್ ಎಂಬ ಪಟ್ಟಣವನ್ನು ಸೇರಿ ಅಲ್ಲಿ ರಾತ್ರಿಯನ್ನು ಕಳೆದೆವು.

ಸೌತ್‌ವೋಲ್ಡ್ ಎಂದರೆ 'ತೆಂಕಣ ಕಾಡು'. ಒಂದು ಕಡೆ ಸಮುದ್ರ, ಒಂದು ಕಡೆ ಬ್ಲೈದ್ ನದಿ, ಇನ್ನೊಂದು ಕಡೆ ಸಣ್ಣ ತೋಡು. ಪಟ್ಟಣವು ಹೆಚ್ಚುಕಡಮೆ ದ್ವೀಪದಂತೆ ಇದೆ. ಕಾಡೆನ್ನಿಸಿಕೊಳ್ಳುವಷ್ಟು ಮರಗಳನ್ನು ನಾವು ಹುಡುಕಿ ಹುಡುಕಿ ಸೋತೆವು. ಕಾಡಿನವರು ಮೀನಿನವರಾಗಿ ಬಹಳ ಕಾಲವಾಯಿತು. ೧೦೮೬ರಲ್ಲಿ ವಿಲಿಯಂ ಅರಸನು ತನ್ನ ರಾಜ್ಯದ ಹೊಲಮನೆಗಳನ್ನೆಲ್ಲ ಎಣಿಸಿ ಬರೆಯಿಸಿದ ಡೂಮ್ಸ್‌ಡೇ ಎಂಬ ಲೆಕ್ಕದ ಪುಸ್ತಕದಲ್ಲಿ, ಈ ಊರಿನವರು ವರ್ಷಕ್ಕೆ ೨೫,೦೦೦ ಹೆರಿಂಗ್ ಮೀನುಗಳನ್ನು ಒಪ್ಪಿಸಬೇಕೆಂದು ಕಾಣುತ್ತದೆ. ಹೆರಿಂಗ್ ಎಂಬುದು ನಮ್ಮ ಬೂತಾಯಿಯ ಬಳಗಕ್ಕೆ ಸೇರಿದ ಮೀನು. ಮೇಲೆ ಹೇಳಿದ ತೋಡಿಗೂ ಹೆರಿಂಗ್ ಹಿಡಿಯುವ 'ಬಸ್' ಎಂಬ ದೋಣಿಗಳಿಂದ 'ಬಸ್ ತೋಡು' ಎಂಬ ಹೆಸರು ಬಂದಿದೆ. ಆ ದೋಣಿಗಳು ಈಗ ಇಲ್ಲ; ತೋಡು ಮಾತ್ರ ಅವುಗಳ ಹೆಸರನ್ನು ಹೊತ್ತುಕೊಂಡಿದೆ.

ಪಟ್ಟಣದ ಮಧ್ಯೆ ಅಲ್ಲಲ್ಲಿ ಹಸುರು ಬಯಲುಗಳಿವೆ. ಅವು ಶೃಂಗಾರಕ್ಕಾಗಿ ಬಿಟ್ಟವೆಂದು ನಾವು ತಿಳಿದಿದ್ದೆವು. ೧೬೫೯ರಲ್ಲಿ ಊರಿಗೆ ಬೆಂಕಿ ತಗಲಿ ಬಹುಭಾಗ ಸುಟ್ಟುಹೋಯಿತಂತೆ; ಇನ್ನೊಮ್ಮೆ ಬೆಂಕಿ ಬಿದ್ದರೆ ಮನೆಯಿಂದ ಮನೆಗೆ ಹಬ್ಬಬಾರದೆಂದು ಆ ಜಾಗಗಳಲ್ಲಿ ಮರಳಿ ಕಟ್ಟಲಿಲ್ಲವೆಂದು ಹೇಳುತ್ತಾರೆ. ೧೬೭೨ರಲ್ಲಿ ಈ ಊರಿನ ಮುಂದಿನ ಕೊಲ್ಲಿಯಲ್ಲಿ ಡಚ್ಚರ ಹಡಗುಗಳು ಆಂಗ್ಲರ ಮತ್ತು ಫ್ರೆಂಚರ ಹಡಗುಗಳ ಮೇಲೆ ಬಿದ್ದು ದೊಡ್ಡ ಕಾಳಗವಾಯಿತು. ೧೮೯೦ರಲ್ಲಿ ಬೆಳಗಿದ ಬಿಳಿಯ ದೀಪಸ್ತಂಭವು ದಂಡೆಯ ಮೇಲಿಲ್ಲದೆ ಮನೆಗಳ ನಡುವೆ ನಿಂತಿರುವುದು ಒಂದು ವಿಚಿತ್ರ. ದಂಡೆಯ ಉದ್ದಕ್ಕೂ ಬಣ್ಣಬಣ್ಣದ ಸಣ್ಣ ಮರದ ಗುಡಿಸಲುಗಳು. ಒಂದೊಂದಕ್ಕೂ ಒಂದೊಂದು ಹೆಸರು. ಮನುಷ್ಯನಿಗೆ ಹೆಸರಿಡುವ ಆಸೆಯು ಎಂದಿಗೂ ತೀರದಷ್ಟೆ.

ಮರುದಿನ ಬೆಳಗಿನಲ್ಲಿ ಸಮುದ್ರದಿಂದ ಸೂರ್ಯನು ಏಳುವುದನ್ನು ನೋಡಿದೆವು. ಹುಟ್ಟಿದಂದಿನಿಂದ ಸೂರ್ಯನು ಸಮುದ್ರದಲ್ಲಿ ಮುಳುಗುವುದನ್ನೇ ಕಂಡ ನಮ್ಮ ಕಣ್ಣಿಗೆ ಅದು ಹೊಸತು. "ಅಕ್ಕಾ, ಇವರ ಕಡಲು ಮೂಡಲಲ್ಲಿ" ಎಂದಳು ಕಿರಿಯವಳು. ಆ ಮಾತಿನೊಳಗೆ ಏನೋ ಅಡಗಿದೆ ಎಂದು ಇಬ್ಬರಿಗೂ ತೋರಿತು. ಅದು ಏನೆಂದು ಆಗ ಹೊಳೆಯಲಿಲ್ಲ.

ಉಪಾಹಾರವಾದ ಮೇಲೆ ಉತ್ತರಕ್ಕೆ ನಾಲ್ಕಾರು ಮೈಲಿಯ ದೂರದ ಕೋವ್‌ಹೈದ್ ಎಂಬ ಹಳ್ಳಿಗೆ ಹೋದೆವು. ಹಳೆಯ ಲೆಕ್ಕಗಳಲ್ಲಿ ಇದಕ್ಕೆ ನಾರ್ತೇಲ್ಸ್ ಎಂದು ಹೆಸರು. ಬಳಿಕ ಹತ್ತಿರದ ಕೋವ್ ಎಂಬ ಸ್ಥಳದ ಹೆಸರೂ, ದಕ್ಕೆ ಎಂಬ ಅರ್ಥದ 'ಹೈದ್' ಶಬ್ದವೂ ಸೇರಿ ಕೋವ್‌ಹೈದ್ ಎಂದಾಯಿತು. ಹಳೆಯ ಹೆಸರು ಬಳಕೆಯಿಂದ ಹೋಯಿತು. ಹೊಸ ಹೆಸರಿನೊಳಗಿನ ದಕ್ಕೆಯೂ ಹೋಯಿತು. ಅಲ್ಲಿ ಬಹಳ ದೊಡ್ಡ ಇಗರ್ಜಿಯೊಂದು ಮಾಡಿಲ್ಲದೆ ಬಯಲಿಗೆ ತೆರೆದು ನಿಂತಿದೆ. ಅಷ್ಟು ದೊಡ್ಡ ಕಟ್ಟಡವನ್ನು ಕಾಪಾಡುವ ಶಕ್ತಿಯು ಊರಿನವರಿಗೆ ಉಳಿಯದೆ ಹೋದುದರಿಂದ, ೧೬೭೨ರಲ್ಲಿ ಅಪ್ಪಣೆ ಪಡೆದು, ಅದರ ಗೋಡೆಗಳ ಒಳಗಡೆಯೇ ಹುಲ್ಲುಮಾಡಿನ ಸಣ್ಣದೊಂದು ಗುಡಿಯನ್ನು ಕಟ್ಟಿಕೊಂಡರು. ಅಜ್ಜನ ಅಂಗಿಯೊಳಗೆ ಮೊಮ್ಮಗನು ನಿಂತಂತೆ ಅದು ನಮಗೆ ಕಂಡಿತು.

ಇಗರ್ಜಿಯ ಪಕ್ಕದಿಂದ ಡಾಮರು ಹಾಕಿದ ದಾರಿಯೊಂದು ಸಮುದ್ರದ ಕಡೆಗೆ ಹೋಗುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೇಲಿ. ಬೇಲಿಯ ಆಚೆ ದಾರಿಯು ಕತ್ತಿಯಿಂದ ಕತ್ತರಿಸಿದಂತೆ ಮುಗಿದು, ಕೆಳಗೆ ಮರಳೂ ಅಲೆಯೂ ಕಾಣುತ್ತವೆ. ಈ ಭಾಗದ ದಿಬ್ಬವು ವರ್ಷಕ್ಕೆ ಸರಾಸರಿ ನಾಲ್ಕೂವರೆ ಮೀಟರಿನಷ್ಟು ಹಿಂದೆ ಸರಿಯುತ್ತಿದೆಯೆಂದು ಅಳೆದವರು ಹೇಳುತ್ತಾರೆ.

"ದೊಡ್ಡಮ್ಮಾ, ಈ ದಾರಿ ಎಲ್ಲಿಗೆ ಹೋಗುತ್ತಿತ್ತು?" ಎಂದು ಹುಡುಗನು ಕೇಳಿದನು.

"ಯಾರದೋ ಗದ್ದೆಗೆ, ಮಗಾ" ಎಂದಳು ಹಿರಿಯವಳು. ಅದಕ್ಕಿಂತ ಹೆಚ್ಚಿನದನ್ನು ಹೇಳುವುದಕ್ಕೆ ಅವಳಿಂದಾಗಲಿಲ್ಲ.

ಮರಳಿ ಸೌತ್‌ವೋಲ್ಡಿಗೆ ಬಂದು ಬ್ಲೈದ್ ನದಿಯನ್ನು ದಾಟಬೇಕಾಗಿತ್ತು. 'ಬ್ಲೈದ್' ಎಂದರೆ ಸೌಮ್ಯ, ಸಂತುಷ್ಟ ಎಂದು ಅರ್ಥ. ನದಿಯು ಹೆಸರಿಗೆ ತಕ್ಕಂತೆಯೇ ಹರಿಯುತ್ತದೆ. ಆಚೆಯ ದಡದ ವಾಲ್ಬರ್ಸ್‌ವಿಕ್ ಎಂಬ ಹಳ್ಳಿಯು ಕೂಗಿದರೆ ಕೇಳಿಸುವಷ್ಟು ಹತ್ತಿರ. ಆದರೆ ಮೋಟಾರು ಹೋಗುವ ಸೇತುವೆಯು ಅಲ್ಲಿಲ್ಲ. ಬ್ಲೈಬರೊ ಎಂಬ, ಅಂದರೆ ಬ್ಲೈದ್ ನದಿಯ ಕೋಟೆ ಎಂಬ ಒಳನಾಡಿನ ಊರನ್ನು ಸುತ್ತಿಕೊಂಡು ಬರಬೇಕು. ಹುಡುಗನು ಮೋಟಾರಿನಲ್ಲಿ ಸುತ್ತಿ ಬಂದನು. ನಾವಿಬ್ಬರು ಮುದುಕಿಯರು ಹುಟ್ಟುಹಾಕುವ ಸಣ್ಣ ದೋಣಿಯಲ್ಲಿ ಕುಳಿತು, ಅವನಿಗಿಂತ ಮೊದಲೇ ದಾಟಿಬಿಟ್ಟೆವು. ಕಡವು ದಾಟಿ ಬೆಳೆದವರಿಗೆ ದೋಣಿಯೆಂದರೆ ತವರುಮನೆಯಲ್ಲವೇ!

ವಾಲ್ಬರ್ಸ್‌ವಿಕ್ ಎಂದರೆ 'ವಾಲ್ಬರ್ಟನ ಹಟ್ಟಿ'. ಈ ವಾಲ್ಬರ್ಟನು ಯಾವ ಅರಸನೋ ಪಂಡಿತನೋ ಆಗಿದ್ದಂತೆ ತೋರದು. ನಾಲ್ಕು ದನಗಳನ್ನು ಕಟ್ಟಿ, ಬೆಣ್ಣೆ ಕಡೆದು ಬದುಕಿದ ಒಕ್ಕಲಿಗನೇ ಇದ್ದಿರಬೇಕು. ಅವನ ಮುಖವನ್ನು ಬಲ್ಲವರಿಲ್ಲ, ಸಮಾಧಿಯೂ ಇಲ್ಲ. ಆದರೂ ದಿನದಿನವೂ ಯಾರೋ ಒಬ್ಬರು ದಾರಿ ಕೇಳುವಾಗ ಅವನ ಹೆಸರನ್ನು ಹೇಳುತ್ತಾರೆ. ದೊಡ್ಡ ದೊಡ್ಡ ಪಾಳೆಯಗಾರರಿಗೂ ಸಿಕ್ಕದ ಭಾಗ್ಯವಿದು.

ಈ ಹಳ್ಳಿಗೂ ಒಂದು ಕಾಲದಲ್ಲಿ ದೊಡ್ಡಸ್ತಿಕೆಯಿತ್ತು. ಹದಿನೈದನೆಯ ಶತಮಾನದಲ್ಲಿ ಹಡಗುಗಳ ವ್ಯಾಪಾರದಿಂದ ಬಂದ ಹಣದಲ್ಲಿ ಇಲ್ಲಿಯವರು ಭವ್ಯವಾದ ಇಗರ್ಜಿಯನ್ನು ಕಟ್ಟಿದರು. ವ್ಯಾಪಾರವು ಕುಂದಿದ ಮೇಲೆ ಅದೂ ಭಾರವಾಯಿತು. ೧೬೯೫ರಲ್ಲಿ ಅದರ ಬಹುಭಾಗವನ್ನು ಕೆಡವಿ, ಒಂದು ಮಗ್ಗುಲಿನಲ್ಲಿ ಮಾತ್ರ ಸಣ್ಣ ಇಗರ್ಜಿಯನ್ನು ಉಳಿಸಿಕೊಂಡರು. ಈಚೆಗೆ ಈ ಹಳ್ಳಿಯು ಚಿತ್ರಕಾರರಿಗೆ ಪ್ರಿಯವಾಯಿತು. ೧೮೮೦ರ ದಶಕದಲ್ಲಿ ಫಿಲಿಪ್ ವಿಲ್ಸನ್ ಸ್ಟಿಯರ್ ಎಂಬ ಚಿತ್ರಕಾರರು ಇಲ್ಲಿಯ ದಂಡೆಯನ್ನೂ ದಂಡೆಯ ಮೇಲೆ ಓಡುವ ಹುಡುಗಿಯರನ್ನೂ ಚಿತ್ರಿಸಿದರು.

ಹೀಗೆ ನಾವು ಕೊನೆಗೆ ಡನ್ನಿಚ್ಚಿಗೆ ಬಂದೆವು. ಬರುವಾಗ ನಮ್ಮಿಬ್ಬರ ಬಾಯಿಯೂ ಕಟ್ಟಿಹೋಗಿತ್ತು.

ಒಂದೇ ಬೀದಿ, ಕೆಲವು ಮನೆಗಳು, ಒಂದು ಭೋಜನಶಾಲೆ, ಒಂದು ಚಿಕ್ಕ ವಸ್ತುಸಂಗ್ರಹಾಲಯ, ೧೯ನೆಯ ಶತಮಾನದಲ್ಲಿ ಕಟ್ಟಿದ ಸಂತ ಜೇಮ್ಸರ ಇಗರ್ಜಿ. ಇಷ್ಟೇ ಊರು. ಆದರೆ ವಸ್ತುಸಂಗ್ರಹಾಲಯದೊಳಗೆ ಹಳೆಯ ಊರಿನ ಮಾದರಿಯನ್ನು ಮಾಡಿಟ್ಟಿದ್ದಾರೆ. ಅದನ್ನು ನೋಡಿದ ಮೇಲೆ ಮಿಸ್ಸಮ್ಮನವರು ಕಳೆದುಕೊಂಡುದು ಎಷ್ಟೆಂದು ತಿಳಿಯಿತು. ಡೂಮ್ಸ್‌ಡೇ ಪುಸ್ತಕದ ಕಾಲಕ್ಕೆ ಇಲ್ಲಿ ಮೂರು ಇಗರ್ಜಿಗಳೂ ಸುಮಾರು ೩,೦೦೦ ಜನರೂ ಇದ್ದರು. ೧೧೯೯ರಲ್ಲಿ ಜಾನ್ ಅರಸನು ಊರಿಗೆ ಪಟ್ಟಣದ ಸನ್ನದನ್ನು ಕೊಟ್ಟನು. ಅನೇಕ ಇಗರ್ಜಿಗಳು, ಮಠಗಳು, ಕುಷ್ಠರೋಗಿಗಳ ಆಸ್ಪತ್ರೆ, ಸಂತೆಯ ಚೌಕ, ಹಡಗು ಕಟ್ಟುವ ತಾಣ ಎಲ್ಲವೂ ಇದ್ದವು.

ಹೆಸರಿನ ವಿಷಯದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಆಂಗ್ಲರಿಗಿಂತ ಹಿಂದೆ ಆ ದ್ವೀಪದಲ್ಲಿದ್ದ ಬ್ರಿಟನರ ಭಾಷೆಯಲ್ಲಿ 'ಆಳ' ಎಂಬ ಅರ್ಥದ ಶಬ್ದವೊಂದಿತ್ತು. ಅದಕ್ಕೆ ಆಂಗ್ಲರು ತಮ್ಮ 'ವಿಕ್' ಸೇರಿಸಿ ಆಳವಾದ ರೇವು ಎಂದರೆಂಬುದು ಒಂದು ಪಕ್ಷ. 'ಡೂನ್' ಎಂದರೆ ಆಂಗ್ಲರ ಭಾಷೆಯಲ್ಲಿ ಗುಡ್ಡ. ಆದುದರಿಂದ ಗುಡ್ಡದ ರೇವು ಎಂದು ಕೆಲವರು ಆಮೇಲೆ ಅರ್ಥಮಾಡಿಕೊಂಡರು. ೭೩೧ರಲ್ಲಿ ಮುಗಿದ ಬೀಡ್ ಎಂಬ ಸಂನ್ಯಾಸಿಯ ಚರಿತ್ರೆಯಲ್ಲಿ ಫೆಲಿಕ್ಸ್ ಎಂಬ ಬಿಷಪರ ಪೀಠವಾದ 'ಡೊಮ್ನೊಕ್' ಎಂಬ ಊರು ಬರುತ್ತದೆ. ಅದು ಇದೇ ಎಂದು ಪರಂಪರೆಯ ಮಾತು. ಇನ್ನೂ ತೆಂಕಲಿನ ಬೇರೊಂದು ಸ್ಥಳವೆಂದು ಕೆಲವು ವಿದ್ವಾಂಸರ ವಾದ. ನಮಗಾದರೋ ಕರಿಹಲಗೆಯ ಮುಂದೆ ಕೇಳಿದ ಅರ್ಥವೇ ಹೆಚ್ಚು ಪ್ರಿಯ.

ಆ ಆಳವಾದ ರೇವು ಹೇಗೆ ಹೋಯಿತು? ಇಲ್ಲಿಯ ದಿಬ್ಬವು ಬಂಡೆಯಲ್ಲ. ಮರಳೂ ಹರಳುಗಲ್ಲೂ ಸೇರಿದ ಸಡಿಲವಾದ ಮಣ್ಣು. ಅಲೆಗಳು ಬುಡವನ್ನು ಕೊರೆದಂತೆಲ್ಲ ಮೇಲಣ ಭಾಗವು ತಾನಾಗಿಯೇ ಕುಸಿಯುತ್ತದೆ. ೧೦೮೬ರ ಲೆಕ್ಕದಲ್ಲಿಯೇ, ಹಿಂದೆ ಎರಡು ಪಾಲು ಇದ್ದ ಸಾಗುವಳಿಯ ಭೂಮಿಯಲ್ಲಿ ಒಂದು ಪಾಲನ್ನು ಸಮುದ್ರವು ಒಯ್ದಿತೆಂದು ಬರೆದಿದೆ. ೧೨೮೬ರ ಜನವರಿಯ ಬಿರುಗಾಳಿಯಲ್ಲಿ ಊರಿನ ಕೆಳಭಾಗವು ಹೋಯಿತು. ೧೩೨೮ರ ಬಿರುಗಾಳಿಯು ಇನ್ನೂ ಕ್ರೂರವಾದ ಕೆಲಸವನ್ನು ಮಾಡಿತು. ಅದು ಹರಳುಗಲ್ಲಿನ ರಾಶಿಯನ್ನು ತಂದು ರೇವಿನ ಬಾಯಿಗೆ ಹೇರಿತು. ನದಿಯು ಬಡಗಲಿಗೆ ತಿರುಗಿ ವಾಲ್ಬರ್ಸ್‌ವಿಕ್ಕಿನ ಕಡೆಯಿಂದ ಸಮುದ್ರವನ್ನು ಸೇರಿತು. ನದಿಯನ್ನು ಹಿಂಬಾಲಿಸಿ ಹಡಗುಗಳೂ ಹೋದವು. ಒಂದು ಊರಿನ ಇಗರ್ಜಿ ಮೇಲೇಳುತ್ತಿರುವಾಗ ಇನ್ನೊಂದು ಊರಿನ ಇಗರ್ಜಿ ಕೆಳಗೆ ಬೀಳುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದ ಊರಿಗೆ ದಂಡೆಯನ್ನು ಕಟ್ಟುವ ಸಾಮರ್ಥ್ಯವೆಲ್ಲಿಯದು? ೧೩೪೭ರಲ್ಲಿ ಮತ್ತೊಮ್ಮೆ ಬಿರುಗಾಳಿ. ಆಮೇಲೆ ಶತಮಾನಗಳ ಕಾಲ ಸ್ವಲ್ಪ ಸ್ವಲ್ಪವಾಗಿ.

ಊರು ಹೋದರೂ ಹೆಸರಿನ ಅಧಿಕಾರ ಹೋಗಲಿಲ್ಲ. ಬಹುಭಾಗವ��� ನೀರಿನ ಕೆಳಗಿದ್ದ ಈ ಪಟ್ಟಣವು ೧೮೩೨ರ ಸುಧಾರಣೆಯ ಕಾಯಿದೆಯವರೆಗೂ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಲೇ ಇತ್ತು! ಬಿರುಗಾಳಿಯ ರಾತ್ರಿಗಳಲ್ಲಿ ಮುಳುಗಿದ ಇಗರ್ಜಿಗಳ ಗಂಟೆಗಳು ಕೇಳಿಸುತ್ತವೆಂದು ಜನರ ಹೇಳಿಕೆ. ೨೦೦೮ರಿಂದ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಶಬ್ದದ ತರಂಗಗಳ ಸಹಾಯದಿಂದ ಆ ಕೆಸರುನೀರಿನ ತಳವನ್ನು ಶೋಧಿಸಿ ಕೆಲವು ಕಟ್ಟಡಗಳ ಅವಶೇಷಗಳನ್ನು ಗುರುತಿಸಿದ್ದಾರೆ.

ಕೊನೆಗೆ ಉಳಿದಿದ್ದುದು ಸರ್ವಸಂತರ ಇಗರ್ಜಿ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಆರಾಧನೆ ನಿಂತಿತು. ೧೯೦೪ರಲ್ಲಿ ದಿಬ್ಬದ ಅಂಚು ಅದರ ಮೂಡಲ ಗೋಡೆಯನ್ನು ಮುಟ್ಟಿತು. ವರ್ಷಕ್ಕಿಷ್ಟೆಂದು ಕುಸಿದು, ೧೯೧೯ರಲ್ಲಿ ಅದರ ಗೋಪುರವು ಸಮುದ್ರಕ್ಕೆ ಬಿದ್ದಿತು. ಮಿಸ್ಸಮ್ಮನವರಿಗೆ ಆಗ ಒಂಬತ್ತು ವರ್ಷ. ನಮಗೆ ಬರೆದ ಕಾಗದದಲ್ಲಿ ಅವರು ಅದನ್ನು ತಿಳಿಸಿದ್ದರು. ತಂದೆಯು ಅವರನ್ನು ದಂಡೆಗೆ ಕರೆದುಕೊಂಡು ಹೋಗಿ, ಮರಳಿನ ಮೇಲೆ ಬಿದ್ದಿದ್ದ ಗೋಪುರದ ಕಲ್ಲುಗಳನ್ನು ತೋರಿಸಿ, "ಇದನ್ನು ಜ್ಞಾಪಕದಲ್ಲಿಡು" ಎಂದರಂತೆ. ಅವರು ಜ್ಞಾಪಕದಲ್ಲಿಟ್ಟುಕೊಂಡು ಸಾವಿರಾರು ಮೈಲಿಗಳನ್ನು ದಾಟಿ ಬಂದು, ನಲವತ್ತುಮೂರು ವರ್ಷಗಳಾದ ಮೇಲೆ ಅದನ್ನು ನಮ್ಮ ಮುಂದೆ ಇಟ್ಟರು. ನಾವು ನಕ್ಕೆವು.

ಆ ಇಗರ್ಜಿಯ ಒಂದು ಆನಿಕೆಯ ಗೋಡೆಯನ್ನು ಮಾತ್ರ ಬೀಳುವ ಮುನ್ನ ಬಿಚ್ಚಿ ತಂದು ಸಂತ ಜೇಮ್ಸರ ಇಗರ್ಜಿಯ ಅಂಗಳದಲ್ಲಿ ಮರಳಿ ನಿಲ್ಲಿಸಿದ್ದಾರೆ. ಅಲ್ಲಿಯ ಸಮಾಧಿಗಳ ನಡುವೆ ನಾವು ಮಿಸ್ಸಮ್ಮನವರ ಹೆಸರನ್ನು ಹುಡುಕಿದೆವು. ಕಡಲಗಾಳಿಯು ಎಷ್ಟೋ ಕಲ್ಲುಗಳ ಅಕ್ಷರಗಳನ್ನು ಸವೆಯಿಸಿತ್ತು. ಸಾಯಂಕಾಲದವರೆಗೂ ಹುಡುಕಿದರೂ ಅವರ ಸಮಾಧಿಯು ನಮಗೆ ಸಿಕ್ಕಲಿಲ್ಲ. ಕೊನೆಗೆ ಆ ಆನಿಕೆಯ ಗೋಡೆಯ ನೆರಳಿನಲ್ಲಿ ಕುಳಿತೆವು. ಸೂರ್ಯನು ನಮ್ಮ ಬೆನ್ನ ಹಿಂದೆ, ಗದ್ದೆಗಳ ಕಡೆಗೆ ಇಳಿಯುತ್ತಿದ್ದನು.

"ಅಕ್ಕಾ, ಇಲ್ಲಿ ಪಡುವಲೆಂದರೆ ನೆಲದ ಕಡೆ. ನಮ್ಮಲ್ಲಾದರೆ ಪಡುವಲೆಂದರೆ ಕಡಲು" ಎಂದಳು ಕಿರಿಯವಳು. ಹೇಳಿದವಳು ಅಲ್ಲಿಯೇ ನಿಂತಳು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು.

ಪಡು, ಮೂಡು ಎಂಬ ಮಾತುಗಳನ್ನು ನಾವು ಮಾತು ಕಲಿತಂದಿನಿಂದ ಆಡುತ್ತಿದ್ದೆವು. ಪಡುವಲ ಬಾಗಿಲು, ಮೂಡಲ ಬೈಲು, ಪಡುಗಾಳಿ ಎಂದು ದಿನಕ್ಕೆ ಹತ್ತು ಬಾರಿ ಹೇಳುತ್ತಿದ್ದೆವು. ಬಿದಿರನ್ನು ಅರಿಯದವರು ನಮ್ಮಲ್ಲಿ ಯಾರು? ನಮ್ಮ ಊರು ಪಡುಬಿದಿರೆ, ಪಡುವಣ ಬಿದಿರು. ಮೂಡಲಿಗೆ ಹೋದರೆ ಮೂಡಬಿದಿರೆ, ಮೂಡಣ ಬಿದಿರು. ಸಂಸ್ಕೃತ ಬಲ್ಲವರು ಮೂಡಬಿದಿರೆಯನ್ನು ವೇಣುಪುರವೆಂದುದೂ ಇದೇ ಕಾರಣದಿಂದ. ದಿಕ್ಕನ್ನೂ ಮರವನ್ನೂ ಸೇರಿಸಿ ಸೌತ್‌ವೋಲ್ಡಿನವರು ಹೆಸರಿಟ್ಟ ಬಗೆಯಲ್ಲಿಯೇ ನಮ್ಮ ಹಿರಿಯರೂ ಇಟ್ಟರು. ಅವರ ಕಾಡು ಹೋದಂತೆ, ನಮ್ಮ ಬಾಲ್ಯದಲ್ಲಿಯೇ ನಮ್ಮ ಮನೆಯ ಸುತ್ತ ಬಿದಿರಿನ ಮೆಳೆ ಉಳಿದಿರಲಿಲ್ಲ. ಉತ್ತರವು ನಮ್ಮ ನಾಲಗೆಯ ಮೇಲೆಯೇ ಇತ್ತು. ಅದನ್ನು ನೋಡಿಕೊಳ್ಳುವುದಕ್ಕೆ ನಾವು ಅವರ ಊರಿಗೆ ಹೋಗಬೇಕಾಯಿತು. ಹೋಗುವಷ್ಟರಲ್ಲಿ ಕೇಳಿದವರು ಇರಲಿಲ್ಲ.

ಇಪ್ಸ್‌ವಿಚ್ಚಿಗೆ ಮರಳಿದ ರಾತ್ರಿ ನಾವಿಬ್ಬರೂ ಕುಳಿತು ಒಂದು ಕಾಗದವನ್ನು ಬರೆದೆವು. ಅದನ್ನು ಹಾಕುವುದಕ್ಕೆ ವಿಳಾಸವಿಲ್ಲ. ಆದುದರಿಂದ ಅವರು ನಮಗೆ ಕಲಿಸಿದ ಶಾಲೆಯ ಈ ಸಂಚಿಕೆಯಲ್ಲಿಯೇ ಅದನ್ನು ಇಡುತ್ತೇವೆ:

"ಪೂಜ್ಯ ಮಿಸ್ಸಮ್ಮನವರಿಗೆ ನಮಸ್ಕಾರಗಳು. ನಮ್ಮ ಊರಿನ ಹೆಸರಿನ ಅರ್ಥವು ಪಡುವಣ ಬಿದಿರು. ನಿಮ್ಮ ಊರನ್ನು ನೋಡಿ ಬಂದೆವು. ಸಮುದ್ರವು ಅದನ್ನು ತಿಂದುದು ನಿಜ. ನೀವು ಹೇಳಿದ ಕನ್ನಡದಲ್ಲಿ ತಪ್ಪಿರಲಿಲ್ಲ. ಅಂದು ನಕ್ಕುದನ್ನು ಕ್ಷಮಿಸಬೇಕು."

ಇನ್ನು ನಮ್ಮ ವಾಚಕಿಯರಲ್ಲಿಯೂ, ಮಕ್ಕಳ ತಾಯಿತಂದೆಗಳಲ್ಲಿಯೂ ಒಂದು ಬಿನ್ನಹ. ನಮ್ಮ ಕರಾವಳಿಯಲ್ಲಿಯೂ ಉಳ್ಳಾಲ ಮೊದಲಾದ ಕಡೆಗಳಲ್ಲಿ ಮಳೆಗಾಲದ ಕಡಲ್ಕೊರೆತವು ಮನೆಗಳನ್ನೂ ತೆಂಗುಗಳನ್ನೂ ಒಯ್ಯುವುದನ್ನು ನೀವೆಲ್ಲ ಕಂಡಿದ್ದೀರಿ. ಒಳನಾಡಿನ ಊರುಗಳನ್ನು ಸಮುದ್ರವು ತಿನ್ನದಿದ್ದರೂ ಮರೆವು ತಿನ್ನುತ್ತದೆ. ಬೈಲು, ಕಟ್ಟೆ, ಅಡ್ಕ, ಗುಡ್ಡೆ, ಪಾಡಿ ಎಂಬ ಹೆಸರುಗಳನ್ನು ಹೊತ್ತ ಊರಿನ ಮಕ್ಕಳು ಆ ಶಬ್ದಗಳನ್ನು ಮನೆಯ ಹಿರಿಯರ ಬಾಯಿಂದ ಕೇಳಿ ತಿಳಿದುಕೊಳ್ಳಲಿ. ಹಿರಿಯರು ಇರುವಾಗಲೇ ಕೇಳಬೇಕು; ಕಾಗದ ಬಂದ ದಿನವೇ ಉತ್ತರ ಬರೆಯಬೇಕು. ಮುಂದಿನ ಸಂಚಿಕೆಗೆ ಒಬ್ಬೊಬ್ಬ ಹುಡುಗಿಯೂ ತನ್ನ ಊರಿನ ಹೆಸರನ್ನೂ ಅದರ ಅರ್ಥವನ್ನೂ ಒಂದೊಂದು ಸಾಲಿನಲ್ಲಿ ಬರೆದುಕೊಟ್ಟರೆ, ಆ ಮಳೆಗಾಲದ ದಿನ ದೊಡ್ಡ ಕೊಠಡಿಯಲ್ಲಿ ನಿಂತುಹೋದ ಪಾಠವು ಪೂರ್ತಿಯಾದೀತು.